ನಾಲ್ಕು ಬೆರಳು

ಝುವಾರಿನಗರದ ಗುಡ್ಡದ ಮೇಲೆ ಎರಡು ಕೋಣೆಯ ಕನ್ನಡ ಶಾಲೆ.
ಪ್ರಯೋಗಾಲಯ ಅಂದರೆ ಕಿಟಕಿಯ ಕಟ್ಟೆ:
ಒಂದು ನೀಲಿ ಟಬ್ಬು, ಮೊಳೆಗಳು, ಬಿರಡೆ,
ಪಾವ್ ಸುತ್ತಿ ಬಂದಿದ್ದ ಫಾಯಿಲು.

ಆರನೇ ಇಯತ್ತೆ. ತೇಲುವುದು, ಮುಳುಗುವುದು.
ಫಾಯಿಲು ಮಡಚಿ ದೋಣಿ ಮಾಡಿದೆವು, ತೇಲಿತು.
ಅದನ್ನೇ ಪರಸಪ್ಪ ಮುದ್ದೆ ಕಟ್ಟಿ, ಕಲ್ಲಲ್ಲಿ ಜಜ್ಜಿ ಬಿಟ್ಟ.
ತಳ ಸೇರಿತು.
"ತೂಕ ಅಷ್ಟ ಐತೆಲ್ರೀ ಟೀಚರ್?"
ಈ ಪ್ರಶ್ನೆಗಾಗಿ ವಾರವಿಡೀ ಕಾದಿದ್ದೆ.
ಉತ್ತರ ಹೇಳಿಬಿಡುವ ಆಸೆಗೆ ನಾಲಿಗೆ ಕಚ್ಚಿಕೊಂಡೆ.

ರೇಷ್ಮಾ ನದಾಫ ಮಾತ್ರ ಟಬ್ಬು ನೋಡುತ್ತಿರಲಿಲ್ಲ.
ಕಿಟಕಿಯಾಚೆ, ಕೆಳಗೆ, ಅದಿರು ಹೊತ್ತ ಬಾರ್ಜೊಂದು
ಈಜುವ ಎಮ್ಮೆಯ ಹಾಗೆ ಮೂಗಷ್ಟೇ ಮೇಲಿಟ್ಟು
ಬಂದರಿನ ಕಡೆ ಹೊರಟಿತ್ತು.

"ಸಾವರ್ಡೆ ಹೊಳ್ಯಾಗ ಅದು ಇನ್ನೂ ಮುಳಗಿರ್ತೈತ್ರಿ.
ಸಮುದ್ರಕ್ಕ ಬಂದಮ್ಯಾಲೆ ನಾಕ ಬೆರಳು ಏಳತೈತಿ,
ಒಂದ ಬುಟ್ಟಿನೂ ಇಳಸದನ.
ನಮ್ಮಪ್ಪ ಬಣ್ಣದ ಗೆರಿ ನೋಡಿ ಹೇಳ್ತಾನ್ರಿ."

ಹಿಂದಿನ ಬೆಂಚು ನಕ್ಕಿತು.
ನಾನೂ ನಗುವವಳೇ. ಪುಸ್ತಕದಲ್ಲಿ ಆ ಪುಟವಿರಲಿಲ್ಲ.

ಪಿಂಟೊ ಬಾಯಿಯ ಅಂಗಡಿಯಿಂದ ಎರಡು ಕಿಲೋ ಹರಳುಪ್ಪು ಬಂತು.
ಜ್ಯೂಸಿನ ಒಂದು ಕೊಳವೆ, ಮೈಮೇಲೆ ಪೆನ್ನಿನ ಗೆರೆಗಳು,
ಬುಡಕ್ಕೆ ಎರಡು ಮೊಳೆ, ಸಂದಿಗೆ ಚೂಯಿಂಗ್ ಗಮ್.
(ಯಾರ ಬಾಯಿಂದ ಬಂತೆಂದು ಕೇಳಲಿಲ್ಲ.)
ಮೊದಲ ಸಲ ಕುಡಿದವನಂತೆ ವಾಲಿತು.
ಮೊಳೆ ತೆಗೆದೆವು, ಸೇರಿಸಿದೆವು, ಬೈದಾಡಿದೆವು.
ಗಂಟೆ ಹೊಡೆಯಿತು, ಯಾರೂ ಏಳಲಿಲ್ಲ.

ಸಪ್ಪೆ ನೀರಲ್ಲಿ ಐದನೇ ಗೆರೆ.
ಉಪ್ಪುನೀರಲ್ಲಿ ನಾಲ್ಕನೆಯದು ಒದ್ದೆಯಾಗಿ ಮಿಂಚುತ್ತಿತ್ತು,
ಐದನೆಯದು ಗಾಳಿಯಲ್ಲಿ.

ಅಂದರೆ, ಎದ್ದಿತ್ತು.
ಬುಟ್ಟಿಯಲ್ಲ, ಒಂದು ಹರಳೂ ಇಳಿಸದೆ.

"ನಾಕ ಬೆರಳೆಲ್ಲೈತಿ? ಅಕ್ಕಿಕಾಳಷ್ಟು ಎದ್ದೈತಿ!" ಪರಸಪ್ಪ ಬಿಡಲಿಲ್ಲ.
"ಬಾರ್ಜು ಏನ್ ನಿನ್ನ ಕೊಳವಿ ಅಷ್ಟ ಐತೇನೋ?"
ಅಲ್ಲಿಗೆ ಜಗಳ ಗಣಿತಕ್ಕೆ ತಿರುಗಿತು.
ನಾನು ಕೇಳಿದ್ದು ಇಷ್ಟೇ:
ನಾಲ್ಕು ಬೆರಳು ಅಂದರೆ, ಯಾರ ಬೆರಳು?

ರೇಷ್ಮಾ ತನ್ನ ಕೈ ನೋಡಿಕೊಂಡಳು.
ಮುಚ್ಚಿದಳು.
"ಅಪ್ಪನ್ನ ಬೆರಳು ದಪ್ಪ ಅದಾವ್ರಿ. ನಾಳಿ ತರ್ತೀನಿ."

ಮರುದಿನ ಪ್ರಾರ್ಥನೆಗೂ ಮೊದಲು
ಮೇಜಿನ ಮೇಲೊಂದು ದಾರ, ಎರಡು ಗಂಟು.
ರಾತ್ರಿಪಾಳಿ ಮುಗಿಸಿ ಮಲಗಿದ್ದವನ ಕೈಮೇಲೆ
ಎಚ್ಚರವಾಗದಂತೆ ಹಿಡಿದು ಅಳೆದಿದ್ದಳಂತೆ.
ಬಿಳಿ ದಾರ. ಎರಡು ಗಂಟುಗಳ ನಡುವೆ ಮಾತ್ರ
ಅದಿರಿನ ಕೆಂಪು.

ಅಳತೆಪಟ್ಟಿ ಇಟ್ಟೆ.
ಎಂಟು ಸೆಂಟಿಮೀಟರ್, ಮೇಲೆ ಒಂದು ಗೆರೆ.
ಎಲ್ಲರೂ ಬರೆದುಕೊಂಡರು.