ಹಿತುಕಿದ ಬೇಳೆ

ಚಿಂತಾಮಣಿಯ ಈ ಬಾಡಿಗೆ ಮನೆಗೆ ಬಂದು ಹನ್ನೊಂದು ದಿನ.
ಬೀಗದ ಕೈ ಎರಡು, ಪೊರಕೆ ಒಂದೇ.

ರಾಮಾಂಜಿ, "ಹೆಲ್ಪ್ ಮಾಡ್ತೀನಿ" ಅಂದೆಯಲ್ಲ ನೀನು,
ಆ ಮಾತೇ ನನಗೆ ಒಗ್ಗಲಿಲ್ಲ.
ಯಾರ ಕೆಲಸಕ್ಕೆ ಯಾರ ಹೆಲ್ಪು?

ನಡುರಾತ್ರಿ ನಲ್ಲಿ ಕೆಮ್ಮಿದಾಗ
ಡ್ರಮ್ಮಿಗೆ ಪೈಪು ಹಿಡಿದು ನಿಂತವಳು ನಾನು.
ಮಗ್ಗುಲು ಬದಲಿಸಿ ಕೇಳಿದೆ ನೀನು: "ನೀರು ಬಂತಾ?"
ಬೆಳಗ್ಗೆ ಎರಡು ಲೋಟ ತೊಳೆದು
ಫೋನಿನಲ್ಲಿ ಅಮ್ಮನಿಗೆ ಹೇಳಿದೆ,
ಪಾತ್ರೆಯೆಲ್ಲ ನಂದೇ ಅಂತ.

ಭಾನುವಾರದ ಸಂತೆಯಿಂದ ಮೂರು ಕೆಜಿ ಅವರೆಕಾಯಿ ಹೊತ್ತು ಬಂದೆ,
ಸೊಗಡು ಮೂಸಿ ಮೂಸಿ.
"ಹಿತುಕಿದ ಬೇಳೆ ಸಾರು, ಮುದ್ದೆ!"
ಕಾಳು ತಾನೇ ಹಿತುಕಿಕೊಳ್ಳುವ ಹಾಗೆ.

ನಾನು ಸುಲಿದೆ, ನೆನೆಹಾಕಿದೆ.
ಬೇಸಿನ್ನು ನಿನ್ನ ತೊಡೆಯ ಮೇಲಿಟ್ಟು
ನನ್ನ ಬ್ಯಾಂಕಿನ ಫೈಲು ಬಿಚ್ಚಿ ಕೂತೆ.

ಮೊದಲ ಕಾಳು ಹಾರಿ ಕ್ಯಾಲೆಂಡರಿಗೆ ಬಡಿಯಿತು.
ಎರಡನೆಯದು ಮಂಚದಡಿ.
ಒಂಬತ್ತಾದರೂ ಪಾವು ತುಂಬಲಿಲ್ಲ.
"ನಮ್ಮಮ್ಮ ಇದನ್ನ ಟೀವಿ ನೋಡ್ತಾ ನೋಡ್ತಾ..."
ಅಷ್ಟಕ್ಕೇ ನಿಂತಿತು ನಿನ್ನ ಮಾತು.
ಸುಕ್ಕಾದ ಬೆರಳ ತುದಿಗಳನ್ನು
ತುಂಬ ಹೊತ್ತು ನೋಡಿಕೊಂಡೆ.

ಸಾರು ಕುದ್ದಿದ್ದು ಹನ್ನೊಂದಕ್ಕೆ.
ಉಪ್ಪು ನೀನು ಹಾಕಿದ್ದೀಯ ಅಂತ ನಾನು,
ನಾನು ಅಂತ ನೀನು.
ಹಾಗೇ ಉಂಡೆವು.

ಪಾತ್ರೆ ಸಿಂಕಿನಲ್ಲಿವೆ.
ಇವತ್ತು ರಾತ್ರಿಯೂ ನೀರು ಬಿಡಬಹುದು.
ನಾನಂತೂ ಏಳುವುದಿಲ್ಲ.