ಕೆಲಸ: ಕೂಲಿ

ಅಕ್ಕಿನುಚ್ಚಿನಷ್ಟು, ಅಷ್ಟೇ.
ಫಾರ್ಮಲಿನ್ ಸೀಸೆಯ ತಳದಲ್ಲಿ
ಹೊಂಬಾಳಯ್ಯನ ಶ್ವಾಸಕೋಶದ ಚೂರು.
ಜೊತೆಗೆ ಬಂದ ಚೀಟಿ: ವಯಸ್ಸು ನಲವತ್ತೆರಡು.
ಊರು, ಪಾಂಡವಪುರದ ಆಚೆ ಎಲ್ಲೋ; ಅಕ್ಷರ ಕೂಡಿಲ್ಲ.
ಕೆಲಸ: ಕೂಲಿ.

ಮಂಡ್ಯದ ಈ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷದಿಂದ
ಮೇಣದಲ್ಲಿ ಮಾಂಸ ಹೂತು ಹೆರೆಯುವವನು ನಾನು.
ಕೂದಲಿಗಿಂತ ತೆಳ್ಳಗೆ ಎದ್ದ ಪದರ
ಬಿಸಿನೀರಿನ ಮೇಲೆ ಕೆನೆಯಂತೆ ಹರಡುವಾಗ
ಉಸಿರು ಬಿಡುವುದಿಲ್ಲ.
ಬಿಟ್ಟರೆ ಮಡಚಿಕೊಳ್ಳುತ್ತದೆ
ಇನ್ನೊಬ್ಬನ ಉಸಿರಾಡುವ ಜಾಗ.

ನೇರಳೆ, ಗುಲಾಬಿ ಕುಡಿಸಿ, ಗಾಜಿಗಂಟಿಸಿ ಕೊಟ್ಟೆ.
ನಸೀಮಾ ಡಾಕ್ಟರು ಕಣ್ಣಿಟ್ಟವರು ಎತ್ತಲೇ ಇಲ್ಲ.
ಗಂಟುಗಳಿವೆ, ಸಣ್ಣವು, ಸಡಿಲ,
ಹೊಲಿಗೆ ಬಾರದವರು ಹಾಕಿದ ಹಾಗೆ.
ಕ್ಷಯ ಅಂತ ಆರು ತಿಂಗಳು ಮಾತ್ರೆ ನುಂಗಿಸಿದ್ದಾರೆ.
ಕ್ಷಯಕ್ಕೆಂದೇ ಇರುವ ಬಣ್ಣವನ್ನೂ ಹಾಕಿ ನೋಡಿದೆವು:
ನೀಲಿ ಬಯಲು. ಕೆಂಪು ಕಡ್ಡಿ ಒಂದೂ ಇಲ್ಲ.

"ಬೀಡಿ?"
"ಇಲ್ಲವಂತೆ."
"ಪಾರಿವಾಳ ಸಾಕ್ತಾನಾ?"
ಚೀಟಿ ತಿರುವಿದರು. ಹಿಂದೆ ಖಾಲಿ.
"ಕೂಲಿ ಅಂದ್ರೆ ಏನ್ ಕೂಲಿ, ಜವರಪ್ಪ?"

ಮೂರು ಆಸ್ಪತ್ರೆ, ಒಬ್ಬ ತಾಯಿತ ಕಟ್ಟುವವ;
ಯಾರೂ ಕೇಳಿರಲಿಲ್ಲ.

ಕಾರಿಡಾರಿನಲ್ಲಿ ಎಕ್ಸ್‌ರೇ ಕವರಿನಿಂದ
ಗಾಳಿ ಬೀಸಿಕೊಳ್ಳುತ್ತ ಕೂತಿದ್ದ.
"ಅಲೆಮನೇಲಿ ರಚ್ಚು ಎತ್ತೋದು ಸಾ.
ಮಳೇಲಿ ನೆಂದ ರಾಶಿ. ಕೆದಕುದ್ರೆ ಹಬೆ ಬತ್ತದೆ,
ಬಿಳೀ ಬೂಷ್ಟು, ಧೂಳು.
ಹೊತ್ತು ಮುಳುಗೋ ಹೊತ್ಗೆ ಚಳಿಜರ, ಎದೆ ಕಟ್ಟೋದು."
ಕೆಮ್ಮಿದ. ತಪ್ಪೊಪ್ಪಿಕೊಳ್ಳುವವನಂತೆ ತಲೆ ತಗ್ಗಿಸಿ:
"ಕೆಲ್ಸಕ್ಕೋಗ್ದಿದ್ ದಿನ ಚೆನ್ನಾಗಿರ್ತಿದ್ದೆ.
ಮೈಗಳ್ಳ ಅಂದ್ಲು ನಮ್ಮವ್ವ."

ರೋಗದ ಹೆಸರು ವರದಿಯಲ್ಲಿ ಒಂದೂವರೆ ಸಾಲು.
ನನಗೆ ತಿಳಿದದ್ದು ಇಷ್ಟು:
ಬೂಷ್ಟಿನ ಬೀಜ ಅವನೆದೆಯಲ್ಲಿ ಮೊಳೆಯಲಿಲ್ಲ, ಬೆಳೆಯಲಿಲ್ಲ,
ಬರೀ ಬಂದು ಹೋಗುತ್ತಿತ್ತು.
ದಿನಾ ಬಾಗಿಲು ತಟ್ಟಿದ್ದಕ್ಕೇ
ಮೈ ಜಗಳಕ್ಕೆ ನಿಂತು
ತನ್ನ ಮನೆಯನ್ನೇ ಮುರಿದುಕೊಂಡಿತ್ತು.

"ಮೂಲ ಸಿಕ್ತು," ಅಂದರು ಡಾಕ್ಟರು, ಕನ್ನಡಕ ಒರೆಸುತ್ತ.
ಆ ರಾಶಿಯ ಹತ್ತಿರ ಇನ್ನು ಸುಳಿಯಕೂಡದು.
ಅವನು ಎಲ್ಲಾ ಕೇಳಿಸಿಕೊಂಡು
ಮೂಲದ ಆಚೆಗಿನದನ್ನು ಕೇಳಿದ:
"ಮೂಗ್ಗೆ ಟವಲ್ ಕಟ್ಕಂಡ್ರೆ ಹೋಗ್ಬೌದಾ?"

ನಾವಿಬ್ಬರೂ ಸೀಸೆಯ ಕಡೆ ನೋಡಿದೆವು.

ಸಂಜೆ ಬ್ಲಾಕಿಗೆ ನಂಬರು ಹಾಕಿ ಡ್ರಾಯರಿಗಿಟ್ಟೆ.
ಚೀಟಿಯಲ್ಲಿ ಕೂಲಿ ಎಂಬುದರ ಮುಂದೆ
(ಅದು ನನ್ನ ಕೆಲಸವಲ್ಲ)
ಬರೆದೆ: ರಚ್ಚು. ನೆಂದದ್ದು.
ಪೆನ್ಸಿಲಿನಲ್ಲಿ.
ಪೆನ್ನಾದರೆ ಸ್ಪಿರಿಟ್ಟು ತಾಗಿ ಅಳಿಸಿಹೋಗುತ್ತದೆ.