ಗುತ್ತಲು ರಸ್ತೆಯ ಗುಜರಿ

ಮೊದಲು ಬಂದದ್ದು ಪೇಪರು. ಅದೇನು ಹೊಸದಲ್ಲ,
ಯುಗಾದಿಗೆ ಮುಂಚೆ ಎಲ್ಲರ ಮನೆಯಿಂದಲೂ ಬರುತ್ತಿತ್ತು,
ದಾರ ಬಿಗಿದ ಪೇಪರು, ಬೀರಿನ ಬಾಟಲಿ,
ಕೈಮುರಿದ ಪ್ಲಾಸ್ಟಿಕ್ ಕುರ್ಚಿ.
ಕೊಟ್ಟ ದುಡ್ಡನ್ನು ಎಣಿಸದೆ ಜೇಬಿಗಿಳಿಸುತ್ತಿದ್ದರು.
ಚಿಲ್ಲರೆ ಇಲ್ಲವೆಂದರೆ ‘ಇರ್ಲಿ ಬುಡಣ್ಣ’.

ಕಾರ್ತಿಕದ ಹೊತ್ತಿಗೆ ಎಣಿಸತೊಡಗಿದರು.
ನನಗೆ ಗೊತ್ತಾದದ್ದು ಹಾಗೆ.
ಟೀವಿಯವರಿಗೆ ಗೊತ್ತಾದದ್ದು ಆಮೇಲೆ.
‘ಕುಸಿತ’ ಎಂದು ದಪ್ಪಕ್ಷರದಲ್ಲಿ ಅಚ್ಚಾದ ಪೇಪರು
ತಿಂಗಳು ಕಳೆದು ನನ್ನ ತಕ್ಕಡಿಗೆ ಬಂದಾಗ
ಕಿಲೋಗೆ ಹನ್ನೆರಡಿದ್ದದ್ದು ಏಳಾಗಿತ್ತು.
ಆ ಪದವನ್ನೂ ಏಳಕ್ಕೇ ತೂಗಿದೆ.

ಗಾರ್ಮೆಂಟ್ಸಿನ ಎರಡು ಪಾಳಿ ಒಂದಾಯಿತು, ಒಂದು ಅರ್ಧವಾಯಿತು.
ಜಯಶೀಲೆ ಟಿಫನ್ ಕ್ಯಾರಿಯರ್ ತಂದಳು.
ಮೂರು ಡಬ್ಬಿಯಲ್ಲಿ ಎರಡನ್ನು ಇಟ್ಟು
ಮೂರನೆಯದನ್ನು ಸೆರಗಿನೊಳಗೆ ಹಿಡಿದು ನಿಂತಳು.
‘ಇದು ಮಗೀಗೆ ಇರ್ಲಿ.’
ನಾನು ಕೇಳಿಯೇ ಇರಲಿಲ್ಲ.

ಫಿಟ್ಟರ್ ಲಿಂಗಪ್ಪಾಜಿ ಸ್ಪ್ಯಾನರುಗಳನ್ನು
ಹಳೇ ಪಂಚೆಯಲ್ಲಿ ಸುತ್ತಿ ತಂದರು,
ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸಿ.
‘ಒಂದೇ ಸಲಕ್ಕೆ ಸುರೀಬೇಡ್ವೋ, ಒಂದೊಂದೇ ನೋಡು.’
ನೋಡಿದೆ.
ಆಮೇಲೆ ಒಂದೇ ಸಲಕ್ಕೆ ಸುರಿದೆ.
ನಾಲ್ಕೂಮುಕ್ಕಾಲು ಕಿಲೋ.

ಈ ನಡುವೆ ಚಿಂದಿ ಆಯುವ ಮುನಿವೆಂಕಟಿ
ಖಾಲಿ ಚೀಲ ಹೊತ್ತು ಬಂದು ಜಗಲಿಯ ಮೇಲೆ ಕೂತಳು.
‘ಜನ ಏನೂ ಬಿಸಾಡ್ತಿಲ್ಲ ಕಣಣ್ಣ,
ಸುಭಾಷ್ ನಗರದ ತೊಟ್ಟಿಯೂ ಸಾರಿಸಿದಂಗದೆ.
ಬೀದಿ ಇಷ್ಟು ಚೆಂದ ಇದ್ದದ್ದು ನಾನು ಕಂಡೇ ಇಲ್ಲ.’
ನಕ್ಕಳು. ನೀರು ಕೇಳಿ ಕುಡಿದು ಹೋದಳು.

ಆಮೇಲೆ ಪೇಪರು ಒದ್ದೆಯಾಗಿ ಬರತೊಡಗಿತು.
ಮೇಲೆ ಕೆಳಗೆ ಒಣಗಿದ್ದು, ಹೊಟ್ಟೆಯೊಳಗೆ ನೀರು.
ಆರು ತಿಂಗಳಿಂದ ಸಂಬಳ ಕಾಣದ ಗಣಿತದ ಮೇಷ್ಟ್ರು
ಉತ್ತರಪತ್ರಿಕೆಗಳ ಕಟ್ಟು ತಂದಿಟ್ಟರು.
ನಾನು ಬೆರಳು ತೂರಿಸಿ ನೋಡಿದ್ದನ್ನು ಅವರು ನೋಡಿದರು.
‘ಬೆಳಿಗ್ಗೆ ಮಂಜು ಬಿದ್ದಿತ್ತು’ ಅಂದರು.
‘ಹೌದು ಸಾ, ಭಾರಿ ಮಂಜು’ ಅಂದೆ.
ಮಂಡ್ಯದಲ್ಲಿ. ಏಪ್ರಿಲ್ ತಿಂಗಳಲ್ಲಿ.
ನನಗೆ ಮಗ್ಗಿ ಹೇಳಿಕೊಟ್ಟವರು ಅವರು.

ಇಷ್ಟು ಹೇಳಿದ ಮೇಲೆ ಇದನ್ನೂ ಹೇಳಬೇಕು:
ನಮ್ಮ ತಕ್ಕಡಿಯಲ್ಲಿ, ಬಟ್ಟು ಇಡುವ ತಟ್ಟೆಯ ತಳಕ್ಕೆ
ಒಂದು ಅಯಸ್ಕಾಂತ ಅಂಟಿಸಿತ್ತು,
ಹಳೇ ಸ್ಪೀಕರಿನಿಂದ ಬಿಚ್ಚಿದ್ದು.
ಬಿಚ್ಚಿದವನು, ಅಂಟಿಸಿದವನು ನಾನೇ.
ಜಯಶೀಲೆಯ ಡಬ್ಬಿಗೂ ಅದು ಇತ್ತು,
ಲಿಂಗಪ್ಪಾಜಿಯ ಸ್ಪ್ಯಾನರುಗಳಿಗೂ.

ಮಾಲು ಒಯ್ಯುವ ಲಾರಿ ಬರುವುದು ನಿಂತಿತು.
ಕಬ್ಬಿಣ ಕರಗಿಸುವ ಒಲೆಗಳೇ ಆರಿವೆಯಂತೆ.
ಅಂಗಡಿಯ ಹಿಂದೆ ಸೈಕಲ್ಲು, ಫ್ಯಾನು, ಹೊಲಿಗೆ ಮಿಷನ್ನು
ಒಂದರ ಮೇಲೊಂದು ಬಿದ್ದು ತಾರಸಿ ಮುಟ್ಟಿದವು,
ಊರಿಗೆ ಊರೇ ಮನೆ ಖಾಲಿ ಮಾಡಿ
ಅಲ್ಲಿ ಬಂದು ಮಲಗಿದ ಹಾಗೆ.
ಇನಾಯತ್ ಸಾಬರು ಒಂದು ಸಂಜೆ
ಬೀಗದ ಕೈ ಒರೆಸುತ್ತ ಒರೆಸುತ್ತ ಅಂದರು,
‘ನಾಳೆಯಿಂದ ಮಧ್ಯಾಹ್ನದ ಮೇಲೆ ಬಾರೋ.’
ಹದಿನೈದು ದಿನಕ್ಕೆ, ‘ಹೇಳಿ ಕಳಿಸ್ತೀನಿ.’

ಹೇಳಿ ಕಳಿಸಲಿಲ್ಲ. ನಾನೇ ಹೋದೆ,
ಹೆಂಡತಿಯ ಇಡ್ಲಿ ಪಾತ್ರೆ ಹಿಡಿದು.
ಏಳು ವರ್ಷದಲ್ಲಿ ಮೊದಲ ಸಲ
ತಕ್ಕಡಿಯ ಆಚೆ ಬದಿಗೆ ನಿಂತೆ.
ಅಲ್ಲಿಂದ ಮುಳ್ಳು ಕಾಣುವುದಿಲ್ಲ,
ತೂಗುವವನ ಮುಖವಷ್ಟೇ ಕಾಣುತ್ತದೆ.

ಸಾಬರು ಬಗ್ಗಿದರು,
ತಟ್ಟೆಯ ತಳಕ್ಕೆ ಕೈಹಾಕಿ ಅಯಸ್ಕಾಂತ ಕಿತ್ತರು,
ನನಗೆ ಕಾಣಲೆಂದು ನಿಧಾನವಾಗಿ
ಗಲ್ಲಾಪೆಟ್ಟಿಗೆಯ ಮೇಲಿಟ್ಟರು.
ಇಬ್ಬರೂ ಏನೂ ಮಾತಾಡಲಿಲ್ಲ.

ದುಡ್ಡು ಕೊಟ್ಟರು.
ಅವರ ಎದುರಿಗೇ ಎಣಿಸಿಕೊಂಡೆ.